ಅವ್ವನ ಮನೆಗೆ ಬರೆಯದ ಬೇವು

ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಒಂಬತ್ತು

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳಿಗೆಲ್ಲ ಸಮಾನ ದಿನ ಕೊಟ್ಟಿದ್ದಾರೆ. ಮನುಷ್ಯರಿಗೆ ಇನ್ನೂ ಕೊಟ್ಟಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ಒರಟೆನಿಸಿದರೆ ಕ್ಷಮಿಸಿ.

ನಾವಿರುವುದು ಪದರುಮನೆಯಲ್ಲಿ. ಒಂದರ ಮೇಲೊಂದು ಪೇರಿಸಿದ ತಗಡಿನ ಕೋಣೆಗಳಿಗೆ ಆ ಹೆಸರು. ಅಣೆಕಟ್ಟಿನ ನೀರು ನುಂಗಿದ ಊರುಗಳವರನ್ನೆಲ್ಲ ತಂದು ಇಲ್ಲಿ ಸುರಿದರು. ಸುತ್ತ ಒಂದೂ ಮರವಿಲ್ಲ. ಮಧ್ಯಾಹ್ನ ಕಟ್ಟಡದ ನೆರಳು ಓಣಿಗೆ ಬೀಳುವ ಹೊತ್ತಿಗೆ ನೆರಳುಗಂಟೆ ಎನ್ನುತ್ತೇವೆ. ಆಗ ಎಲ್ಲರೂ ಕೆಳಗಿಳಿದು ಬಂದು ಕೂರುತ್ತಾರೆ, ಹೇನು ನೋಡುತ್ತಾರೆ, ಜಗಳವಾಡುತ್ತಾರೆ.

ಇಲ್ಲಿ ಒಂದು ಪದ್ಧತಿ ಇದೆ. ಸಾಯುವವರ ಎದುರಿನ ಗೋಡೆಗೆ ಅವರು ಕಳೆದುಕೊಂಡ ಮನೆಯನ್ನು ಇದ್ದಿಲಿನಲ್ಲಿ ಬರೆಯಬೇಕು. ಅವರು ನೋಡಿ ಹೌದೆನ್ನಬೇಕು. ಬರೆಯುವವಳು ನಾನು. ಮನೆ, ಮರ, ಹಳ್ಳ ಯಾವುದನ್ನೂ ಕಾಣದ ನಿನಗೆ ಚಿತ್ರ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳುತ್ತಾರೆ. ಅಂದಚಂದದಿಂದ ಹುಟ್ಟಿದ್ದಲ್ಲ. ಕಳೆದುಕೊಂಡವರ ಬಾಯಿಂದ ಹುಟ್ಟಿದ್ದು. ಅವರು ಹೇಳದೆ ಬಿಟ್ಟಿದ್ದನ್ನು ಶಾಲೆಯ ಗೋಡೆಯ ಪಟ ನೋಡಿ ತುಂಬುತ್ತಿದ್ದೆ: ಹೆಂಚಿನ ಮನೆ, ಬಾಗಿಲಲ್ಲಿ ಬೇವು.

ನನ್ನ ಅವ್ವ ಹುಲಿಗೆವ್ವ ಹಾಸಿಗೆ ಹಿಡಿದಾಗ ಅವಳಿಗೂ ಹಾಗೇ ಬರೆದೆ. ಎಲೆ ಎಲೆಯನ್ನೂ ತಿದ್ದಿದೆ. ಅವ್ವ ಬಹಳ ಹೊತ್ತು ನೋಡಿದಳು.

"ಇದು ಗೌಡ್ರ ಓಣಿ ಮನಿ. ಬೇವಿನ ಗಿಡ ಅವರ ಕಡಿ ಇತ್ತು. ಕೇರಿಯೊಳಗ ಬರೇ ಬಿಸಲು. ಅದರ ನೆರಳಿಗೆ ಕುಂತಿದ್ದಕ್ಕ ನಮ್ಮಪ್ಪಗ ಕಾಲಾನ ಕೆರದ್ಲೆ ಬಡದಿದ್ರು. ಅಳಸವಾ."

ಅಳಿಸಿದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ತಲೆ ತಗ್ಗಿಸಿ ಹೋಗುವ ಬಾಗಿಲು, ಗೇಣುದ್ದದ ಕಟ್ಟೆ, ಮುಂದೆ ಬೋಳು ನೆಲ. ಹೂಂ, ಇದು ನಮ್ಮದು ಎಂದಳು. ಮರುದಿನ ಹೋದಳು.

ಹೆಣದ ಮುಂದೆ ಪಕ್ಕದ ಕೋಣೆಯ ಖಾಸಿಂಬಿ ನನ್ನನ್ನು ಬೈದಳು. ಹೆತ್ತವಳಿಗೂ ಒಂದು ಗಿಡ ಬರೆಯದಷ್ಟು ಜಿಪುಣಿಯೇನೇ, ಪಿಟ್ಟಾಸಿ ಎಂದಳು. ಆಮೇಲೆ ದನಿ ಇಳಿಸಿದಳು: "ಸತ್ತ ಮ್ಯಾಲಾದ್ರೂ ನೆರಳಾಗ ಕುಂದರಲಿ ಬಿಡವಾ."

ಇದ್ದಿಲು ಕೈಯಲ್ಲೇ ಇತ್ತು. ಬರೆಯಲಿಲ್ಲ. ಬರೆದಿದ್ದರೆ ತಾತನಿಗೆ ಬಿದ್ದ ಏಟು ಆ ಎಲೆಗಳ ಅಡಿ ಮುಚ್ಚಿಹೋಗುತ್ತಿತ್ತು. ಆದರೂ ಅವ್ವನನ್ನು ಬಿಸಿಲಲ್ಲೇ ಬಿಟ್ಟು ಕಳಿಸಿದೆನಲ್ಲ ಎಂದು ಎದೆ ಸುಡುತ್ತದೆ.

ನೀವು ಇದನ್ನು ಓದುವಾಗ ಆ ಕೇರಿ ಇನ್ನೂ ಮುಳುಗಿರುವುದಿಲ್ಲ, ಅವ್ವ ಹುಟ್ಟಿರುವುದಿಲ್ಲ. ಕವಿತೆ, ಭಾಷಣ, ಮರುಕ ಯಾವುದೂ ಬೇಡ. ಹಾರೆ ಹಿಡಿದು ಹೋಗಿ ಅಲ್ಲೊಂದು ಬೇವು ನೆಡಿ. ಅದರ ಕೆಳಗೆ ಕೂತವರನ್ನು ಯಾರಾದರೂ ಎಬ್ಬಿಸಲು ಬಂದರೆ ಅಡ್ಡ ನಿಲ್ಲಿ.

ಗೋಡೆಯ ಚಿತ್ರದಲ್ಲಿ ಬಾಗಿಲ ಎಡಕ್ಕೆ ಆ ಬೇವಿಗೆ ಜಾಗ ಬಿಟ್ಟಿದ್ದೇನೆ.

ಮಲಕವ್ವ