ನಾನು ಮಾಡಿದ ಸ್ಪೀಕರಿನಲ್ಲಿ ಅಕ್ಕನ ದನಿ

ಮಹಾನಂದಕ್ಕಾ,

ನೀನು ತೀರಿಕೊಂಡ ಮೇಲೆ ನಾನು ಮಗ್ಗದ ಕೋಣೆಗೆ ಹೆಚ್ಚು ಹೋಗಿರಲಿಲ್ಲ. ಈ ಬೇಸಿಗೆ ಅಲ್ಲೇ ಕುಳಿತು, ಹುನಗುಂದದಿಂದ ತಂದ ಪ್ಲೈವುಡ್ ಕೊಯ್ದು, ಅಂಟು ಹಾಕಿ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿದೆ. ಮೊದಲ ಸಲ ಹಚ್ಚಿದಾಗ ದನಿ ಪೊಳ್ಳಾಗಿತ್ತು. ಒಂದು ಪೆಟ್ಟಿಗೆಯ ಕೆಂಪು, ಕರಿ ವೈರುಗಳನ್ನು ಅದಲುಬದಲು ಜೋಡಿಸಿದ್ದೆ. ಅದನ್ನು ಸರಿಮಾಡಿ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನೀನು ಹಾಡಿದ್ದ ರೆಕಾರ್ಡಿಂಗನ್ನು ಫೋನಿನಿಂದ ಹಚ್ಚಿದೆ. ಎರಡು ಪೆಟ್ಟಿಗೆಗಳ ನಡುವೆ ನೀನೇ ಬಂದು ಕುಳಿತಂತಾಯಿತು.

ಅವ್ವ ಒಲೆ ಬಿಟ್ಟು ಓಡಿ ಬಂದಳು.

ಹಾಡು ಮುಗಿದ ಮೇಲೆ, "ಅಕ್ಕಾ, ಇನ್ನೊಂದು ಹಾಡು" ಎಂಬ ನನ್ನ ದನಿ ಕೇಳಿತು.

"ಹಾಡ್ತೇನಿ, ತಡಿಯೋ" ಅಂದೆ ನೀನು.

ಆಮೇಲೆ ಫೋನಿನಲ್ಲಿ ಎಂದೂ ಕೇಳಿಸದೇ ಇದ್ದದ್ದು ಕೇಳಿಸಿತು. ನೀನು ಎಳೆದೆಳೆದು ಉಸಿರಾಡುತ್ತಿದ್ದೆ.

"ಆಕಿಗಿ ಆಗಲೇ ದಮ್ಮು ಹತ್ತಿತ್ತಲ್ಲೋ" ಎಂದಳು ಅವ್ವ.

ದವಾಖಾನೆಯಲ್ಲಿ ಹೃದಯದ ಕಾಯಿಲೆ ಅಂತ ಹೇಳಿದ್ದು ಅದಾಗಿ ಎಷ್ಟೋ ತಿಂಗಳ ನಂತರ.

ನಿಲ್ಲಿಸಲು ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡು. ಸಾವಕಾಶ ಹಾಡ್ಲಿ."

ನೀನು ಸುಧಾರಿಸಿಕೊಳ್ಳುವ ತನಕ ಇಬ್ಬರೂ ಕುಳಿತು ಕಾದೆವು.