ಬಾಯಿಬಿಟ್ಟು ಕೇಳದೆ ಹೋದದ್ದು

೧೨ ಫೆಬ್ರವರಿ ೧೯೮೬, ಬುಧವಾರ

ನಂಜುಂಡ ನಮ್ಮ ಕಾಲೇಜಿಗೆ ಬರುವುದಿಲ್ಲ. ಬೆಳಿಗ್ಗೆ ಅರಿಜೋನಾದ ಕಾಲೇಜೊಂದಕ್ಕೆ ಆಡುತ್ತೇನೆಂದು ಸಹಿ ಹಾಕಿಬಿಟ್ಟನಂತೆ.

ಕ್ಯಾಲಿಫೋರ್ನಿಯಾದ ಒಳ್ಳೆಯ ಆಟಗಾರರೆಲ್ಲ ಈ ಸಲವೂ ಹೊರರಾಜ್ಯಗಳ ಪಾಲಾದರು ಎಂದು ನಮ್ಮ ಫುಟ್‌ಬಾಲ್ ಕೋಚ್ ತಲೆ ಹಿಡಿದು ಕೂತಿದ್ದಾರೆ. ಸ್ಯಾನ್ ಹೊಸೆಯ ಹೈಸ್ಕೂಲುಗಳಲ್ಲಿ ನಂಜುಂಡನಷ್ಟು ದೂರ ಚೆಂಡು ಒದೆಯುವವನು ಇನ್ನೊಬ್ಬನಿಲ್ಲ. ‘ನಿಮ್ಮ ಕಡೆಯವರು, ನೀವೇ ಒಪ್ಪಿಸಿ’ ಎಂದು ಗಣಿತದ ಮೇಷ್ಟರಾದ ನನ್ನನ್ನು ನಂಜುಂಡನ ಮನೆಗೆ ಕಳಿಸಿದ್ದರು.

ಚಳಿಗಾಲವೆಲ್ಲ ಹೋದೆ. ಅವನ ಅಪ್ಪ ಜಯರಾಮ್ ಜೊತೆ ಕೂತು ಮುದ್ದೆ ಉಂಡೆ, ಕಥೆ ಹೇಳಿದೆ. ಹೆಣ್ಣು ಕೇಳಲು ಹೋದವರು ಬಂದ ವಿಷಯ ಬಿಟ್ಟು ಮಳೆ ಬೆಳೆಯ ಮಾತಾಡುತ್ತಾರಲ್ಲ, ಹಾಗೆ. ಉಂಡೆದ್ದ ಮೇಲೆ ಮನೆಯವರೇ ಮಾತು ತೆಗೆಯಬೇಕು. ಅದು ನಮ್ಮೂರ ಮರ್ಯಾದೆ. ಜಯರಾಮ್ ತೆಗೆಯಲಿಲ್ಲ. ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆ.

ಸಂಜೆ ಹೋಗಿ ನಂಜುಂಡನನ್ನೇ ಕೇಳಿದೆ: “ಯಾಕಪ್ಪಾ ಹಿಂಗ್ಮಾಡ್ದೆ?”

“ನೀವು ಕೇಳ್ಲೇ ಇಲ್ವಲ್ಲ ಅಂಕಲ್. ಅರಿಜೋನಾದವ್ರು ಬಾಗಿಲಲ್ಲೇ ಕೇಳಿದ್ರು. ಐ ಥಾಟ್ ಯು ಡಿಡಂಟ್ ವಾಂಟ್ ಮಿ.”

ಜಯರಾಮ್ ನಗಿಸಲು ನೋಡಿದರು. “ನೀವು ಮುದ್ದೆ ಆಸೆಗೆ ಬರ್ತೀರಿ ಅಂದ್ಕೊಂಡಿದ್ವಿ ಮೇಷ್ಟ್ರೇ. ಕೂತ್ಕೊಳಿ, ಊಟ ಮಾಡಿ.”

ಊಟಕ್ಕೆ ಕೂತೆ. ಹುಡುಗ ಪಕ್ಕದಲ್ಲೇ ಕೂತು, ಎಂದಿನಂತೆ, ಕಥೆ ಹೇಳಿ ಎಂದ. ನನಗೆ ಒಂದೂ ನೆನಪಾಗಲಿಲ್ಲ.

ಪ್ರತಿ ಸಲವೂ ನನ್ನನ್ನು ಕಾರಿನವರೆಗೆ ಬಿಡಲು ಬರುತ್ತಿದ್ದ. ನಾನು ಕಾರು ಹತ್ತಿದ ಮೇಲೂ ಬಾಗಿಲು ಹಿಡಿದುಕೊಂಡು ನಿಂತೇ ಇರುತ್ತಿದ್ದ. ಚಳಿ, ಒಳಗೆ ಹೋಗಪ್ಪ ಎನ್ನುತ್ತಿದ್ದೆ. ಅವನು ಅಲ್ಲಿ ನಿಂತಿರುತ್ತಿದ್ದದ್ದು ನಾನು ಕೇಳಲಿ ಎಂದು.