ಭಾವನನ್ನು ಅಮ್ಮ ಬೈಯುವಾಗ

ಪುಟ್ಟಿ,

ಇದನ್ನು ಅಡುಗೆಮನೆಯಲ್ಲೇ ನಿಂತು ಓದು, ಅಮ್ಮನ ಮಂಚದ ಹತ್ತಿರ ಒಯ್ಯಬೇಡ.

ಕರ್ಫ್ಯೂ ಸಡಿಲಿಸಿದ್ದಾರೆ. ನಿನ್ನ ಭಾವನನ್ನು ಕಳಿಸಿಕೊಟ್ಟು ಬರುತ್ತೇನೆ. ಅವರ ಕಾರ್ಖಾನೆಯನ್ನು ಇವತ್ತು ಗಡಿಯಾಚೆಗೆ ಸಾಗಿಸುತ್ತಿದ್ದಾರೆ. ಯಂತ್ರಗಳ ಜೊತೆ ಅವರಂಥ ಫಿಟ್ಟರುಗಳೂ ಹೋಗಲೇಬೇಕಂತೆ. ದಾಟಿದವರನ್ನು ಮತ್ತೆ ಈ ಕಡೆ ಬಿಡುವುದಿಲ್ಲ.

ಅಮ್ಮನಿಗೆ ಅನ್ನ ಮೆತ್ತಗೆ ಮಾಡಿಟ್ಟಿದ್ದೇನೆ. ಊಟವಾದ ಮೇಲೆ ಮಾತ್ರೆ ಕೊಡು. ಒಬ್ಬಳೇ ಅವಳ ಮಗ್ಗುಲು ಬದಲಿಸಲು ಹೋಗಬೇಡ, ಮೊನ್ನೆ ಇಬ್ಬರೂ ಬೀಳುತ್ತಿದ್ದಿರಿ. ಚಿಲಕ ಹಾಕಿಕೋ. ಕಿಟಕಿಯಲ್ಲಿ ನಿಲ್ಲಬೇಡ ಎಂದು ಎಷ್ಟು ಸಲ ಹೇಳಲಿ?

ಲಾರಿಯಲ್ಲಿ ನನಗೂ ಒಂದು ಜಾಗ ಕೇಳಿ ಇಟ್ಟಿದ್ದರು. ಸೊಂಟ ಮುರಿದ ಅಮ್ಮನನ್ನು ಆ ದಾರಿಯಲ್ಲಿ ಕುಲುಕಿಸಿಕೊಂಡು ಒಯ್ಯುವಂತಿಲ್ಲ, ನಿನ್ನೊಬ್ಬಳ ಮೇಲೆ ಬಿಡುವಂತೆಯೂ ಇಲ್ಲ. ಬರುವುದಿಲ್ಲ ಎಂದೆ.

ನಿಶ್ಚಯವಾಗಿದ್ದ ನಮ್ಮ ಮದುವೆ ತನ್ನಿಂದಲೇ ನಿಂತಿತೆಂದು ಗೊತ್ತಾದರೆ ಅಮ್ಮ ಅನ್ನ ನೀರು ಬಿಡುತ್ತಾಳೆ. ಅದಕ್ಕೇ, ಅವರೇ ನನ್ನನ್ನು ಬೇಡವೆಂದು ಹೊರಟುಹೋದರು ಎಂದು ಹೇಳುತ್ತೇನೆ. ಈ ಯೋಚನೆಯೂ ಅವರದೇ. "ಎಲ್ಲಾ ನನ್ನ ತಲೆಗೇ ಕಟ್ಟು. ಅತ್ತೆ ಬೈದ್ರೆ ನಂಗೇನು ಮೈ ಸವೆದುಹೋಗುತ್ತಾ?" ಎಂದು ಫೋನಿನಲ್ಲಿ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

ಅಮ್ಮನ ಬಾಯಿ ನಿನಗೆ ಗೊತ್ತೇ ಇದೆ. ಅವರ ವಂಶವನ್ನೆಲ್ಲ ಜಾಲಾಡುತ್ತಾಳೆ. ಆಗ ನೀನು ಅವರ ಪರ ಮಾತಾಡಬೇಡ. ಒಂದೆರಡು ಬೈಗುಳ ನೀನೂ ಸೇರಿಸು. ಇಬ್ಬರೂ ಸುಮ್ಮನಿದ್ದರೆ ಅವಳಿಗೆ ಅನುಮಾನ ಬರುತ್ತದೆ. ನನ್ನ ಬಾಯಿಂದ ಅದು ಬರುವುದಿಲ್ಲ, ಪುಟ್ಟಿ.

ಅಕ್ಕ